ಯಾವ ಕಂದು ಉಳಿಸೋದು?

ಥರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿ, ಕಾರಿಗೆ ಜಾಗ ಬಿಟ್ಟು, ಸಂಪು ತೋಡಿಸಿ, ಕೊನೆಗೆ ಕಾಂಪೌಂಡಿನ ಪಕ್ಕ ಮೂರಡಿ ಮಣ್ಣು ಉಳಿಯುತ್ತಲ್ಲ, ಅಲ್ಲಿ ಏನು ಹಾಕೋಣ ಅಂತ ಕೇಳಿದರೆ ನಮ್ಮ ಅಮ್ಮಂದಿರು ಯೋಚನೆ ಕೂಡ ಮಾಡುವುದಿಲ್ಲ. ಬಾಳೆ. ಎಲೆ ಸಿಗುತ್ತೆ, ಹೂ ಸಿಗುತ್ತೆ, ಬಟ್ಟೆ ಒಗೆದ ನೀರು ಹರಿಯೋಕೆ ಒಂದು ದಾರಿ ಆಗುತ್ತೆ. ವರ್ಷ ಕಳೆಯುವಷ್ಟರಲ್ಲಿ ತಾಯಿಗಿಡದ ಸುತ್ತ ಏಳೆಂಟು ಕಂದು ಎದ್ದು, ಒಂದಕ್ಕೊಂದು ತಳ್ಳಾಡಿಕೊಂಡು ನಿಂತಿರುತ್ತವೆ. ಎಲ್ಲವನ್ನೂ ಬಿಟ್ಟರೆ ಗೊನೆ ಬಡವಾಗುತ್ತೆ. ಎಲ್ಲವನ್ನೂ ಕಡಿದರೆ ಮುಂದಿನ ವರ್ಷಕ್ಕೆ ಬಾಳೆಯೇ ಇಲ್ಲ. ಹಾಗಾದರೆ ಯಾವುದನ್ನು ಉಳಿಸೋದು?

ಈ ಪ್ರಶ್ನೆಗೆ ಸುಮಾರು 7,000 ವರ್ಷದ ವಯಸ್ಸಾಗಿದೆ.

ಪಪುವಾ ನ್ಯೂಗಿನಿಯ ಎತ್ತರದ ಸೀಮೆಯಲ್ಲಿ ಕುಕ್ ಅನ್ನೋ ಜೌಗು ಪ್ರದೇಶವೊಂದಿದೆ. ಅಲ್ಲಿನ ಮಣ್ಣಿನ ಪದರಗಳಲ್ಲಿ ಬಾಳೆ ಎಲೆಗಳು ಬಿಟ್ಟುಹೋದ, ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಪುರಾತತ್ವಜ್ಞರಿಗೆ ಸಿಕ್ಕಿವೆ. ಜೊತೆಗೆ ಗಿಡ ನೆಡಲು ಮಣ್ಣು ದಿಬ್ಬ ಮಾಡಿದ ಗುರುತುಗಳು. ಅಷ್ಟು ಹಿಂದೆಯೇ ಅಲ್ಲಿನ ಜನ ಬಾಳೆ ನೆಟ್ಟು ಬೆಳೆಸುತ್ತಿದ್ದರು. ಕಾಡುಬಾಳೆಯ ಹಣ್ಣನ್ನು ತಿನ್ನೋದು ಸುಲಭ ಅಲ್ಲ. ಒಳಗೆ ಕಲ್ಲಿನಂಥ ಕರಿಬೀಜ ತುಂಬಿ, ತಿರುಳು ಹುಡುಕಬೇಕಾಗುತ್ತೆ. ಎಲ್ಲೋ ಒಂದು ಗಿಡದಲ್ಲಿ ಬೀಜ ಕಡಿಮೆ ಇತ್ತು, ತಿರುಳು ಜಾಸ್ತಿ ಇತ್ತು. ಅದನ್ನು ತಿಂದವರು ಬೀಜ ಬಿತ್ತಲಿಲ್ಲ. ಬಿತ್ತಿದ್ದರೆ ಮತ್ತೆ ಬೀಜದ ಬಾಳೆಯೇ ಬರುತ್ತಿತ್ತೇನೋ. ಬುಡದ ಕಂದು ಕಿತ್ತು ಪಕ್ಕದಲ್ಲಿ ನೆಟ್ಟರು. ಬೇರೆ ಬೇರೆ ಊರುಗಳಲ್ಲಿ ಸಾವಿರಾರು ಜನ ಸಾವಿರಾರು ವರ್ಷ ಇದನ್ನೇ ಮಾಡುತ್ತಾ ಹೋದರು. ಹೀಗೆ ಬೀಜವಿಲ್ಲದ ಬಾಳೆ ಉಳಿಯಿತು.

ನಮ್ಮ ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಬೆಳೆಯುವ ಕಲ್ಲುಬಾಳೆಯನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಅದು ಬಾಳೆಯ ಹತ್ತಿರದ ನೆಂಟ. ಕಂದು ಬಿಡೋದೇ ಇಲ್ಲ. ಬೀಜದಿಂದ ಹುಟ್ಟಿ, ಒಮ್ಮೆ ಗೊನೆ ಹಾಕಿ, ಸತ್ತುಹೋಗುತ್ತೆ. ಅದಕ್ಕೆ ಮನುಷ್ಯನ ಹಂಗಿಲ್ಲ. ಹಿತ್ತಲಿನ ಬಾಳೆಯ ಕಥೆ ಉಲ್ಟಾ. ಅದರ ಹಣ್ಣಲ್ಲಿ ಕಾಣೋ ಕರಿಚುಕ್ಕಿಗಳು ಬೀಜವಾಗದೆ ಉಳಿದವು. ಆ ಗಿಡ ಒಂದು ಊರಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ಯಾರಾದರೂ ಕಂದನ್ನು ಹೆಗಲ ಮೇಲೆ ಹೊತ್ತು ಹೋಗಲೇಬೇಕು.

ಇದರ ಪರಿಣಾಮ ಸ್ವಲ್ಪ ವಿಚಿತ್ರ. ತಾಯಿ, ಮಗಳು, ಮೊಮ್ಮಗಳು ಅಂತೆಲ್ಲ ನಾವು ಕರೀತೀವಿ, ಆದರೆ ಕಂದು ಮಗಳಲ್ಲ. ಅದು ಅದೇ ಗಿಡ, ಇನ್ನೊಂದು ಸಲ. ನಂಜನಗೂಡಿನ ರಸಬಾಳೆ ನೂರು ತೋಟದಲ್ಲಿದ್ದರೂ, ಎಲ್ಲೋ ಒಂದೆರಡು ಸಣ್ಣ ಬದಲಾವಣೆ ಬಿಟ್ಟರೆ, ಒಂದೇ ಗಿಡದ ನೂರು ಪ್ರತಿ. ರುಚಿ ಬದಲಾಗದೇ ಇರೋದು ಅದಕ್ಕೇ. ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲೋದೂ ಅದಕ್ಕೇ.

ಆ ರೋಗ ದಾಖಲೆಗೆ ಬಂದದ್ದು 1876ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿ. ಜೋಸೆಫ್ ಬ್ಯಾಂಕ್ರಾಫ್ಟ್ ಅನ್ನೋ ವೈದ್ಯ ಅದನ್ನು ವಿವರಿಸಿ ಬರೆದ. ಹೆಸರು ಬಂದದ್ದು ಮಾತ್ರ ಪನಾಮಾದಿಂದ. ಅಮೆರಿಕದವರು ಆಗ ತಿನ್ನುತ್ತಿದ್ದದ್ದು ಗ್ರೋ ಮಿಶೆಲ್ ಅನ್ನೋ ಒಂದೇ ತಳಿ. ಯುನೈಟೆಡ್ ಫ್ರೂಟ್‌ನಂಥ ಕಂಪನಿಗಳು ಮಧ್ಯ ಅಮೆರಿಕದ ಕಾಡು ಕಡಿದು, ರೈಲು ಹಾಕಿ, ಕಣ್ಣು ಹಾಯುವಷ್ಟು ದೂರ ಅದನ್ನೇ ನೆಟ್ಟವು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತೆ. ಮಣ್ಣಿಗೆ ಬಂತೆಂದರೆ ದಶಕಗಟ್ಟಲೆ ಹೋಗೋದಿಲ್ಲ. ಕಂಪನಿಗಳು ಮಾಡಿದ್ದೇನು? ಸೊರಗಿದ ತೋಟ ಬಿಟ್ಟು ಹೊಸ ಕಾಡು ಕಡಿದವು, ಅಲ್ಲಿಗೂ ಹಳೇ ತೋಟದ ಕಂದನ್ನೇ ಒಯ್ದವು. ರೋಗವೂ ಗೆಡ್ಡೆಗೆ ಅಂಟಿದ ಮಣ್ಣಿನ ಜೊತೆ ಪ್ರಯಾಣ ಮಾಡಿತು. 1960ರ ದಶಕದ ಹೊತ್ತಿಗೆ ಗ್ರೋ ಮಿಶೆಲ್ ವ್ಯಾಪಾರವೇ ಮುಗಿದುಹೋಯಿತು.

ಅದರ ಜಾಗಕ್ಕೆ ಬಂದದ್ದು ಇಂಗ್ಲೆಂಡಿನ ಒಂದು ಮನೆತೋಟದ ಗಿಡ ಅಂದರೆ ನಂಬೋದು ಕಷ್ಟ. ಮನೆ ಅಂದರೆ ಡೆವನ್‌ಶೈರ್ ಡ್ಯೂಕನ ಅರಮನೆ, ಚಾಟ್ಸ್‌ವರ್ತ್. 1830ರ ಸುಮಾರಿಗೆ ಮಾರಿಷಸ್ ಮೂಲದ ಒಂದು ಬಾಳೆ ಅಲ್ಲಿನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಕೈಗೆ ಬಂತು. ಗಾಜಿನ ಮನೆಯಲ್ಲಿಟ್ಟು ಸಾಕಿದ. 1835ರಲ್ಲಿ ಹೂ ಬಿಟ್ಟಿತು. ಡ್ಯೂಕನ ಮನೆತನದ ಹೆಸರು ಕ್ಯಾವೆಂಡಿಶ್, ಬಾಳೆಗೂ ಅದೇ ಹೆಸರಾಯಿತು. ಅದರ ಕಂದುಗಳು ಪಾದ್ರಿಯೊಬ್ಬನ ಜೊತೆ ಹಡಗು ಹತ್ತಿ ಸಮೋವಾ ದ್ವೀಪಕ್ಕೆ ಹೋದವು. ಪನಾಮಾ ರೋಗದ ಅಂದಿನ ರೂಪ ಈ ಗಿಡಕ್ಕೆ ಏನೂ ಮಾಡಲಿಲ್ಲ, ಅಷ್ಟೇ ಅದರ ಅದೃಷ್ಟ. ರುಚಿಯಲ್ಲಿ ಗ್ರೋ ಮಿಶೆಲ್ ಮೇಲು ಅಂತ ಹಳಬರು ಹೇಳುತ್ತಿದ್ದರು. ಇವತ್ತು ಸೂಪರ್‌ಮಾರ್ಕೆಟ್‌ನಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡು ಕೂತಿರೋ ಹಳದಿ ಹಣ್ಣು, ನಮ್ಮ ಪಚ್ಚಬಾಳೆ, ನರ್ಸರಿಯ ಜಿ-9, ಎಲ್ಲ ಇದೇ ಬಳಗ.

ನಂಜನಗೂಡಿಗೆ ಇಂಥ ಅದೃಷ್ಟ ಇರಲಿಲ್ಲ. ರಸಬಾಳೆ ಇದೇ ಸೊರಗು ರೋಗಕ್ಕೆ ಸುಲಭವಾಗಿ ತುತ್ತಾಗೋ ಜಾತಿ. ಕಪಿಲಾ ನದಿಯ ಸೀಮೆಯ ದೇವರಸನಹಳ್ಳಿ ಕಡೆ ಹೆಸರುವಾಸಿಯಾಗಿದ್ದ ತೋಟಗಳು ಕರಗುತ್ತಾ ಬಂದವು. 2005–06ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಸಂತೋಷದ ವಿಷಯವೇ. ಆದರೆ ಆ ಹೆಸರಲ್ಲಿ ಬೇರೆಯವರು ಮಾರಬಾರದು ಅಂತ ಕಾನೂನು ಹೇಳಬಹುದು, ಮಣ್ಣಲ್ಲಿರೋ ಶಿಲೀಂಧ್ರಕ್ಕೆ ಹೇಳೋರು ಯಾರು? ಅಂಗಾಂಶ ಕೃಷಿಯ ಸಸಿ ನರ್ಸರಿಯಿಂದ ರೋಗವಿಲ್ಲದೆ ಬರುತ್ತೆ, ನಿಜ. ಆದರೆ ರೋಗವಿರೋ ನೆಲದಲ್ಲಿ ನೆಟ್ಟರೆ ಅಲ್ಲೇ ಹಿಡಿಯುತ್ತೆ. ಈಗ ಕ್ಯಾವೆಂಡಿಶ್ ಸರದಿಯೂ ಬಂದಿದೆ. ಅದನ್ನೂ ಕೊಲ್ಲಬಲ್ಲ ಟಿಆರ್-4 ಎಂಬ ರೂಪ ಏಷ್ಯಾದಲ್ಲಿ ಹರಡಿ, ಬಿಹಾರ, ಉತ್ತರ ಪ್ರದೇಶಗಳಿಗೂ ಬಂದು, 2019ರಲ್ಲಿ ಕೊಲಂಬಿಯಾ ಮುಟ್ಟಿತು. ಅಲ್ಲಿನ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು, ಒಂದು ಬಾಳೆ ರೋಗಕ್ಕೆ!

ನಮ್ಮಲ್ಲಿ ಬಾಳೆ ಕಂದನ್ನು ದುಡ್ಡಿಗೆ ಕೇಳೋದೇ ಸಂಕೋಚ. ನೆಂಟರ ಮನೆಗೆ ಹೋದವರು ಗೋಣಿಚೀಲದಲ್ಲಿ ಎರಡು ಕಂದು ಸುತ್ತಿಕೊಂಡು ಬರುತ್ತಾರೆ. ಏಲಕ್ಕಿ ಬಾಳೆ, ರಸಬಾಳೆ, ಕರಾವಳಿಯ ನೇಂದ್ರ, ಎಲ್ಲವೂ ಹಿತ್ತಿಲಿಂದ ಹಿತ್ತಿಲಿಗೆ ದಾಟಿದ್ದು ಈ ಔದಾರ್ಯದಿಂದಲೇ. ಸೊರಗು ರೋಗ ದಾಟಿದ್ದೂ ಅದೇ ಗೋಣಿಚೀಲದಲ್ಲಿ. ಹಾಗಂತ ಕೊಡೋದು ನಿಲ್ಲಿಸಬೇಕು ಅಂತ ನಾನು ಹೇಳಲ್ಲ. ಕೊಟ್ಟವರಿಲ್ಲದಿದ್ದರೆ ತಿನ್ನೋಕೆ ಹಣ್ಣೇ ಇರುತ್ತಿರಲಿಲ್ಲ. ಕೊಡೋ ಮುಂಚೆ, ತಗೊಳ್ಳೋ ಮುಂಚೆ ಗಿಡ ನೋಡಿ, ಅಷ್ಟೇ. ಹಳೇ ಎಲೆಗಳು ಅಂಚಿನಿಂದ ಹಳದಿಯಾಗಿ, ದಂಟು ಮುರಿದು, ಲಂಗದ ಹಾಗೆ ಬುಡದ ಸುತ್ತ ಜೋತುಬಿದ್ದಿದ್ದರೆ ಆ ಗುಂಪಿನ ಒಂದು ಕಂದೂ ಬೇಡ. ಕಾಂಡ ಅಡ್ಡ ಕಡಿದರೆ ಒಳಗೆ ಕೆಂಪು ಮಿಶ್ರಿತ ಕಂದು ಗೆರೆಗಳು ಕಾಣುತ್ತವೆ. (ಮರಿಗೂ ಕಂದು, ರೋಗದ ಬಣ್ಣಕ್ಕೂ ಕಂದು. ಭಾಷೆ ಕೆಲವು ಸಲ ಹೀಗೆ ಆಟ ಆಡುತ್ತೆ.) ಅಂಥ ಗಿಡ ಕಡಿದ ಕತ್ತಿಯನ್ನು ತೊಳೆಯದೆ ಇನ್ನೊಂದಕ್ಕೆ ಹಾಕಬೇಡಿ. ಆ ಬುಡದ ನೀರು ಪಕ್ಕದ ಬಾಳೆಗೆ ಹರಿಯದ ಹಾಗೆಯೂ ನೋಡ್ಕೊಳ್ಳಿ.

ಗಿಡ ಆರೋಗ್ಯವಾಗಿದ್ದರೆ ಮೊದಲಿನ ಪ್ರಶ್ನೆಗೆ ಉತ್ತರ ಸುಲಭ. ಸಣ್ಣದಿರುವಾಗಲೇ ಅಗಲ ಎಲೆ ಬಿಟ್ಟು ಚೆಂದ ಕಾಣೋ ಕಂದಿಗೆ ಮರುಳಾಗಬೇಡಿ, ಅದರ ಗೆಡ್ಡೆಯ ನಂಟು ಬಲವಿಲ್ಲ. ಕತ್ತಿಯ ಹಾಗೆ ಕಿರಿದಾದ ಎಲೆ, ದಪ್ಪ ಬುಡ ಇರೋದನ್ನು ಉಳಿಸಿ. ತಾಯಿ ಒಂದು, ಅರ್ಧ ಬೆಳೆದದ್ದು ಒಂದು, ಬೇಕಾದರೆ ಇನ್ನೊಂದು ಪುಟ್ಟದು. ಮೂರಡಿ ಜಾಗಕ್ಕೆ ಅಷ್ಟೇ ಸಾಕು. ಮಿಕ್ಕವನ್ನು ನೆಲಮಟ್ಟಕ್ಕೆ ಕಡಿದು, ನಡುವಿನ ಸುಳಿಯನ್ನು ಹಾರೆಯ ತುದಿಯಿಂದ ಕೆದಕಿ ತೆಗೀಬೇಕು, ಇಲ್ಲದಿದ್ದರೆ ವಾರದಲ್ಲಿ ಮತ್ತೆ ಇಣುಕುತ್ತೆ. ಒಣಗಿದ ಎಲೆ ಮಾತ್ರ ತೆಗೆಯಿರಿ. ಹಬ್ಬದ ಊಟಕ್ಕೆ ಅಂತ ಹಸಿರೆಲೆ ಎಲ್ಲ ಕೊಯ್ದುಬಿಟ್ಟರೆ ಕಾಯಿ ತುಂಬೋದಿಲ್ಲ. ಗೊನೆ ಬಂದ ಮೇಲೆ ಏಳೆಂಟು ಎಲೆಯಾದರೂ ಇರಲಿ. ಕೊನೆಯ ಚಿಪ್ಪು ಬಿಟ್ಟಾದ ಮೇಲೆ ತುದಿಯ ಹೂ ಮುರಿದು ಪಲ್ಯ ಮಾಡಿ, ಗೊನೆಗೆ ಕವೆಗೋಲು ಕೊಡಿ.

ಗೊನೆ ಇಳಿಸಿದ ದಿನವೇ ತಾಯಿಯನ್ನು ಬುಡಮಟ್ಟ ಕಡಿಯೋ ಅವಸರ ಬೇಡ. ಅದರಲ್ಲಿ ಉಳಿದ ನೀರು, ಸಾರ ಗೆಡ್ಡೆಯ ಮೂಲಕ ಮರಿಗೆ ಇಳಿಯುತ್ತೆ. ಮೇಲಿನ ಅರ್ಧ ಮೊದಲು ಕಡಿಯಿರಿ, ಉಳಿದದ್ದು ಕೆಲವು ವಾರ ಇರಲಿ. ಕಡಿದ ತುಂಡಿನ ಪಟ್ಟೆ ಬಿಚ್ಚಿ, ಒಳಗಿನ ದಿಂಡು ಬೆಳ್ಳಗಿದೆಯಾ ನೋಡಿ. ಬೆಳ್ಳಗಿದ್ದರೆ ನಾರು ಬೆರಳಿಗೆ ಸುತ್ತಿ ತೆಗೆದು, ಸಣ್ಣಗೆ ಹೆಚ್ಚಿ ಮೊಸರುಬಜ್ಜಿಗೆ ಹಾಕಿ. ಮುಂದಿನ ಸಲ ಪಕ್ಕದ ಮನೆಯವರು ಕೇಳಿದಾಗ ಒಂದು ಕತ್ತಿ-ಎಲೆಯ ಕಂದು ಕಿತ್ತು ಕೊಡಿ.