ಮೈದಾನದ ಬಾಗಿಲು ಮುಚ್ಚಿದಾಗ: ಡಿಕ್, ಕೆರ್ ಮಹಿಳಾ ಫುಟ್‌ಬಾಲ್ ತಂಡದ ಇತಿಹಾಸ



ಮಹಿಳೆಯರ ಫುಟ್‌ಬಾಲ್ ಇತ್ತೀಚಿನ ಆಟವೆಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಆದರೆ ನೂರು ವರ್ಷಗಳ ಹಿಂದೆಯೇ ಹೆಣ್ಣುಮಕ್ಕಳ ಒಂದು ಪಂದ್ಯಕ್ಕೆ 53,000 ಜನ ಸೇರಿದ್ದರು ಎಂದರೆ ನಂಬುವಿರಾ? ಆ ತಂಡದ ಹೆಸರು ಡಿಕ್, ಕೆರ್ ಲೇಡೀಸ್. ಊರು ಇಂಗ್ಲೆಂಡಿನ ಉತ್ತರ ಭಾಗದ ಪ್ರೆಸ್ಟನ್.

ಡಿಕ್, ಕೆರ್ ಎಂಬುದು ಪ್ರೆಸ್ಟನ್ನಿನಲ್ಲಿ ಟ್ರಾಮ್ ತಯಾರಿಸುತ್ತಿದ್ದ ಕಾರ್ಖಾನೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಗಂಡಸರು ರಣರಂಗಕ್ಕೆ ಹೋದರು. ಮದ್ದುಗುಂಡು ತಯಾರಿಕೆಗೆ ತಿರುಗಿದ ಕಾರ್ಖಾನೆಗೆ ಹೆಂಗಸರು ಕೆಲಸಕ್ಕೆ ಬಂದರು. ಬಿಡುವಿನ ವೇಳೆಯಲ್ಲಿ ಚೆಂಡು ಒದೆಯುತ್ತಿದ್ದ ಅವರು 1917ರಲ್ಲಿ ತಂಡ ಕಟ್ಟಿದರು. ಕಚೇರಿಯ ನೌಕರ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್ ಅದರ ವ್ಯವಸ್ಥಾಪಕರಾದರು. ಅದೇ ವರ್ಷ ಕ್ರಿಸ್ಮಸ್ ದಿನ ಡೀಪ್‌ಡೇಲ್ ಮೈದಾನದಲ್ಲಿ ಗಾಯಾಳು ಸೈನಿಕರ ಸಹಾಯಾರ್ಥ ಆಡಿದ ಪಂದ್ಯಕ್ಕೆ 10,000 ಜನ ಬಂದರು.

ಯುದ್ಧ ಮುಗಿದರೂ ತಂಡ ನಿಲ್ಲಲಿಲ್ಲ. 1920ರಲ್ಲಿ ಫ್ರಾನ್ಸಿನ ಮಹಿಳೆಯರನ್ನು ಕರೆಸಿ ಆಡಿತು. ಆ ವರ್ಷ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಸೇಂಟ್ ಹೆಲೆನ್ಸ್ ತಂಡದೊಡನೆ ಪಂದ್ಯ ನಡೆಯಿತು. ಮೈದಾನ ತುಂಬಿ ಸಾವಿರಾರು ಜನ ಒಳಗೆ ಜಾಗವಿಲ್ಲದೆ ಹಿಂತಿರುಗಿದರು. ನಾಯಕಿ ಆಲಿಸ್ ಕೆಲ್ ಉತ್ತರಾರ್ಧದಲ್ಲಿ ಮುಂದಿನ ಸಾಲಿಗೆ ಬಂದು ಮೂರು ಗೋಲು ಹೊಡೆದರು. ತಂಡ 4-0 ಅಂತರದಿಂದ ಗೆದ್ದಿತು. ಸಂಗ್ರಹವಾದ 3,000 ಪೌಂಡಿಗೂ ಹೆಚ್ಚಿನ ಹಣ ಧರ್ಮಕಾರ್ಯಕ್ಕೆ ಹೋಯಿತು.

ಒಂದೇ ವರ್ಷದಲ್ಲಿ ಎಲ್ಲವೂ ಬದಲಾಯಿತು. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ನಿರ್ಣಯ ಮಾಡಿತು. ಈ ಆಟ ಮಹಿಳೆಯರಿಗೆ ತಕ್ಕುದಲ್ಲ, ಸಂಗ್ರಹವಾದ ಹಣದಲ್ಲಿ ಖರ್ಚಿಗೆ ಹೋಗುವ ಪಾಲು ಹೆಚ್ಚು, ಆದ್ದರಿಂದ ಸದಸ್ಯ ಕ್ಲಬ್ಬುಗಳು ತಮ್ಮ ಮೈದಾನಗಳನ್ನು ಅವರಿಗೆ ಕೊಡಬಾರದು ಎಂಬುದೇ ಅದರ ಸಾರ. ಓದುಗರೇ, ಇಲ್ಲಿ ಒಂದು ಮಾತು ಗಮನಿಸಿ. ಇವರಿಗೆ ಆಡಲು ಬರುವುದಿಲ್ಲ, ಇವರ ಆಟ ನೋಡಲು ಜನ ಬರುವುದಿಲ್ಲ ಎಂದು ಹೇಳುವಂತಿರಲಿಲ್ಲ. ಹಾಗಾಗಿ ಮೈದಾನದ ಬಾಗಿಲನ್ನೇ ಮುಚ್ಚಿದರು. ಮೈದಾನವಿಲ್ಲದಿದ್ದರೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದಿದ್ದರೆ ಹಣವಿಲ್ಲ, ಹಣವಿಲ್ಲದೆ ತಂಡಗಳು ಒಂದೊಂದಾಗಿ ಕರಗಿದವು.

ಆದರೂ ಪ್ರೆಸ್ಟನ್ನಿನ ಹೆಣ್ಣುಮಕ್ಕಳು ಸೋಲೊಪ್ಪಲಿಲ್ಲ. 1922ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳೊಡನೆ 9 ಪಂದ್ಯ ಆಡಿದರು. ಮೂರನ್ನು ಗೆದ್ದರು, ಮೂರನ್ನು ಸಮ ಮಾಡಿಕೊಂಡರು, ಮೂರರಲ್ಲಿ ಸೋತರು. 1926ರಿಂದ ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಲ್ಲಿ, ಸಿಕ್ಕ ಬಯಲಿನಲ್ಲಿ ಆಟ ಮುಂದುವರಿಯಿತು. ಹದಿಹರೆಯದಲ್ಲೇ ತಂಡ ಸೇರಿದ್ದ ಲಿಲಿ ಪಾರ್ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತಲೇ ಮೂರು ದಶಕ ಆಡಿದರು. 1965ರಲ್ಲಿ ತಂಡ ಮುಚ್ಚಿತು. ನಿಷೇಧ ತೆರವಾದದ್ದು ಅದಾದ ಮೇಲೆ, 1970ರ ದಶಕದ ಆರಂಭದಲ್ಲಿ.

ನ್ಯಾಯ ಬಂತು, ಆದರೆ ತಡವಾಗಿ. ಲಿಲಿ ಪಾರ್ 1978ರಲ್ಲಿ ನಿಧನರಾದರು. 2002ರಲ್ಲಿ ಇಂಗ್ಲಿಷ್ ಫುಟ್‌ಬಾಲಿನ ಗೌರವ ಪಟ್ಟಿಗೆ ಸೇರಿದ ಮೊದಲ ಮಹಿಳೆ ಅವರೇ. 2008ರಲ್ಲಿ ಫುಟ್‌ಬಾಲ್ ಸಂಸ್ಥೆ ಕ್ಷಮೆ ಕೇಳಿತು. 2022ರ ಜುಲೈ 31ರಂದು ಇಂಗ್ಲೆಂಡಿನ ಮಹಿಳೆಯರು ಯುರೋಪಿನ ಕಪ್ ಗೆದ್ದಾಗ ವೆಂಬ್ಲಿಯಲ್ಲಿ 87,192 ಪ್ರೇಕ್ಷಕರಿದ್ದರು. ನಡುವಿನ ಅರ್ಧ ಶತಮಾನದಲ್ಲಿ ಆಡಬೇಕಾಗಿದ್ದ ಎಷ್ಟು ಹುಡುಗಿಯರು ಆಡದೆಯೇ ಮುದುಕಿಯರಾದರೋ, ಆ ನಷ್ಟವನ್ನು ಯಾವ ಕ್ಷಮೆಯೂ ತುಂಬಲಾರದು.

ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲೂ ಆಟದ ಪಿರಿಯಡ್ ಇರುತ್ತದೆ. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಮೈದಾನದೊಳಗೆ ಇದ್ದಾರೆಯೇ, ಇಲ್ಲವೇ ಗೋಡೆಯ ಬದಿಯಲ್ಲಿ ನಿಂತು ನೋಡುತ್ತಿದ್ದಾರೆಯೇ? ಪಾಲಕರೂ ಶಿಕ್ಷಕರೂ ಆದ ನೀವು ಒಮ್ಮೆ ಹೋಗಿ ನೋಡಿರಿ. ಬದಿಯಲ್ಲಿ ನಿಂತಿದ್ದರೆ ಚೆಂಡನ್ನು ಅವರ ಕೈಗೂ ಕೊಡಿಸಿರಿ.