ಟ್ರಂಕು ಹೊತ್ತು ಮರಳಿದವರು

ಕಳೆದ ತಿಂಗಳ ಒಂದು ಸಂಜೆ ಕಾನಹೊಸಹಳ್ಳಿಯ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಅವನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಲು ಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ಹಾಸಿಗೆ, ಬ್ಯಾಗುಗಳ ಸಮೇತ ಊರಿಗೆ ಮರಳಿಬಿಟ್ಟಿದ್ದನಂತೆ. “ಸಾರ್, ಊಟ ಸರಿಯಾಗಿ ಮಾಡಲ್ಲ, ಮಾತೂ ಆಡಲ್ಲ. ಓದಾಕೆ ನನ್ ಕೈಲಿ ಆಗಲ್ಲ ಅಂತಾನೆ. ನೀವೇ ಒಂದು ಮಾತು ಹೇಳ್ರಿ” ಎಂದ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಮಾತಿಗೇನೂ ಬರವಿಲ್ಲ. ಆದರೂ ಆ ಸಂಜೆ ಸುಮ್ಮನೆ ಕುಳಿತೆ. ಇಂಥದೇ ಸಂದರ್ಭದಲ್ಲಿ ಹಿಂದೊಮ್ಮೆ ಆಡಿದ ಮಾತೊಂದು ನನ್ನನ್ನು ಇಂದಿಗೂ ಚುಚ್ಚುತ್ತಿದೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಇತಿಹಾಸದ ಮೇಷ್ಟ್ರಾದ್ದರಿಂದ, ಸ್ವಲ್ಪ ಇತಿಹಾಸ.

ನಮ್ಮ ಸೀಮೆಯ ಹುಡುಗರಿಗೆ ವಿಶ್ವವಿದ್ಯಾಲಯವೆಂಬುದು ಯಾವಾಗಲೂ ಬೇರೆಯವರ ಊರಿನಲ್ಲಿಯೇ ಇತ್ತು. 1800ರಲ್ಲಿ ನಿಜಾಮನು ಈ ಪ್ರದೇಶವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿತು. 1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ಸುಮಾರು ಒಂದು ಶತಮಾನದ ಕಾಲ ನಮ್ಮವರಿಗೆ ಪದವಿಯೆಂದರೆ ಮದರಾಸಿನ ಪದವಿಯೇ. ಗುಂತಕಲ್ಲಿಗೆ ಹೋಗಿ ರೈಲು ಹಿಡಿಯಬೇಕು. ಇಳಿದರೆ ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು. 1916ರಲ್ಲಿ ಅನಂತಪುರದಲ್ಲಿ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು ತೆರೆದಾಗ ದಾರಿಯೇನೋ ಹತ್ತಿರವಾಯಿತು. ಆದರೆ ಅದು ತೆಲುಗಿನ ಊರು. ಬಳ್ಳಾರಿಯಲ್ಲಿಯೇ ವೀರಶೈವ ಕಾಲೇಜು ಆರಂಭವಾದದ್ದು 1945ರಲ್ಲಿ.

ಈ ದಾರಿಯನ್ನು ಎಲ್ಲರೂ ತುಳಿಯಲಾಗುತ್ತಿರಲಿಲ್ಲ. ನೆರೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ಬಡತನದ ದೆಸೆಯಿಂದ ಕಾಲೇಜಿನ ಮೆಟ್ಟಿಲು ಹತ್ತಲಾಗದೆ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತರಾದರು. ನಾಡನ್ನೆಲ್ಲ ನಗಿಸಿದ ಆ ಬುದ್ಧಿಗೆ ಪದವಿಯ ಕೊರತೆಯೇನೂ ಕಾಣಲಿಲ್ಲ, ಆ ಮಾತು ಬೇರೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಮ್ಮ ಕೂಡ್ಲಿಗಿಯೂ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ನಾನು ಹುಟ್ಟಿದ್ದೂ ಆ ವರ್ಷವೇ. ಮುಂದೆ ಜಿಲ್ಲೆಯು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವಾದಾಗ ನಮ್ಮನ್ನು ಅತ್ತ ಸೇರಿಸಲಾಯಿತು. 2010ರಲ್ಲಿ ಬಳ್ಳಾರಿಗೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂದಿತು. 2021ರಲ್ಲಿ ನಮ್ಮ ತಾಲ್ಲೂಕು ಬಳ್ಳಾರಿಯನ್ನೂ ಬಿಟ್ಟು ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಊರು ಕದಲಲಿಲ್ಲ, ಊರಿನ ಹುಡುಗರು ನೋಡಬೇಕಾದ ದಿಕ್ಕು ಮಾತ್ರ ಬದಲಾಗುತ್ತಲೇ ಹೋಯಿತು. ಅಣ್ಣ ನಡೆದ ದಾರಿ ತಮ್ಮನಿಗೆ ಒದಗಲಿಲ್ಲ. ಮದರಾಸಿನಲ್ಲಿ ಓದಿದ ಹಿರಿಯರಿಗೆ ಧಾರವಾಡದ ಸಂಗತಿ ತಿಳಿಯದು, ಧಾರವಾಡದಲ್ಲಿ ಓದಿದ ನಮಗೆ ಗುಲ್ಬರ್ಗದ್ದು ತಿಳಿಯದು. ಹೀಗಾಗಿ ಮನೆಯಿಂದ ಹೊರಟ ಪ್ರತಿಯೊಬ್ಬ ಹುಡುಗನೂ ಆ ಮನೆತನದಲ್ಲಿ ಮೊದಲನೆಯವನಂತೆಯೇ ಹೊರಡಬೇಕಾಯಿತು. ಹೆಣ್ಣುಮಕ್ಕಳಿಗಂತೂ ಹೊರಡುವ ಅವಕಾಶವೇ ಬಹಳ ತಡವಾಗಿ ದೊರೆಯಿತು.

ಹೋದ ಊರಿನಲ್ಲಿ ಮೊದಲ ಪ್ರಶ್ನೆ ಪಾಠದ್ದಲ್ಲ, ಊಟದ್ದು. ಹಳೆಯ ಕಾಲದಲ್ಲಿ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯನ್ನು ಓದಿದವರಿಗೆ ಆ ಹಸಿವಿನ ಪರಿಚಯವಿದೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ಸಿದ್ಧಗಂಗೆಯ ದಾಸೋಹ, ಚಿತ್ರದುರ್ಗದ ಜಯದೇವ ಜಗದ್ಗುರುಗಳು ಅನೇಕ ಊರುಗಳಲ್ಲಿ ತೆರೆಸಿದ ವಿದ್ಯಾರ್ಥಿನಿಲಯಗಳು ಈ ಹಸಿವಿಗೆ ಉತ್ತರವಾಗಿ ಬಂದವು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದ ಕಾಲಕ್ಕೆ ಹಿಂದುಳಿದ ವರ್ಗಗಳ ಮಕ್ಕಳಿಗೆ ಸರ್ಕಾರಿ ಹಾಸ್ಟೆಲುಗಳು ಹೆಚ್ಚಿದವು. ಹಾಸ್ಟೆಲಿನ ಕೋಣೆಯು ದಲಿತ ಹುಡುಗನೊಬ್ಬನಿಗೆ ಏನಾಗಬಲ್ಲದು ಎಂಬುದನ್ನು ಸಿದ್ಧಲಿಂಗಯ್ಯನವರ ‘ಊರುಕೇರಿ’ ತಿಳಿಸುತ್ತದೆ. ನಮ್ಮ ನಾಡಿನಲ್ಲಿ ಉನ್ನತ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಕಾಲೇಜುಗಳ ಪಟ್ಟಿಗಿಂತ ಮೊದಲು ಈ ಅಡಿಗೆಮನೆಗಳ ಪಟ್ಟಿಯನ್ನು ಬರೆಯಬೇಕೆಂದು ನನಗೆ ಅನ್ನಿಸುವುದುಂಟು.

ನನ್ನ ಸರದಿ ಬಂದದ್ದು 1974ರಲ್ಲಿ. ಇತಿಹಾಸ ಎಂ.ಎ. ಓದಲು ತಗಡಿನ ಟ್ರಂಕು ಹೊತ್ತು ಹೊಸಪೇಟೆಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮೀಟರ್‌ಗೇಜ್ ರೈಲಿನಲ್ಲಿ ಧಾರವಾಡ ಸೇರಿದೆ. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆ ಕಟ್ಟಡವನ್ನು ಕಂಡು ಮೊದಲ ದಿನ ಎದೆ ಉಬ್ಬಿತು. ಎರಡನೆಯ ವಾರಕ್ಕೆ ಅದೇ ಎದೆ ಕುಸಿಯಿತು. ಮಳೆಗಾಗಿ ಆಕಾಶ ನೋಡುತ್ತಾ ಶೇಂಗಾ ಬಿತ್ತುವ ಸೀಮೆಯವನು ನಾನು. ಅಲ್ಲಿಯೋ ವಾರಗಟ್ಟಲೆ ಬಿಡದೆ ಸುರಿಯುವ ಜಿಟಿಜಿಟಿ ಮಳೆ. ತೊಳೆದ ಒಂದು ಅಂಗಿ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಇದ್ದುದು ಎರಡೇ ಅಂಗಿ. ನಾನು ‘ಐತೆ’ ಎಂದರೆ ಗೆಳೆಯರು ‘ಐತಿ’ ಎನ್ನುತ್ತಿದ್ದರು. ಅವರು ಹಾಸ್ಯ ಮಾಡಲಿಲ್ಲ. ಆದರೂ ನಾನೇ ಬಾಯಿ ಮುಚ್ಚಿಕೊಂಡೆ. ಇಂಗ್ಲಿಷ್ ಉಪನ್ಯಾಸಗಳನ್ನು ಬರೆದುಕೊಳ್ಳುತ್ತಿದ್ದೆ, ರಾತ್ರಿ ಓದಿದರೆ ನನ್ನ ಬರವಣಿಗೆ ನನಗೇ ತಿಳಿಯುತ್ತಿರಲಿಲ್ಲ. ಮನೆಗೆ ಬರೆದ ಕಾಗದಗಳಲ್ಲಿ ಮಾತ್ರ ತಪ್ಪದೆ ಕ್ಷೇಮವೆಂದು ಬರೆಯುತ್ತಿದ್ದೆ. ಒಂದು ಭಾನುವಾರ ಟ್ರಂಕಿಗೆ ಬೀಗ ಹಾಕಿ ಕುಳಿತದ್ದೂ ಆಯಿತು.

ನನ್ನನ್ನು ಉಳಿಸಿದ್ದು ಬುದ್ಧಿಯಲ್ಲ, ಒಬ್ಬ ಕೋಣೆಯ ಗೆಳೆಯ. ವಯಸ್ಸಿನಲ್ಲಿ ಹಿರಿಯ, ಹಡಗಲಿ ಕಡೆಯವನು. ಬೀಗ ಹಾಕಿದ ಟ್ರಂಕನ್ನು ನೋಡಿದನು, ಉಪದೇಶ ಮಾಡಲಿಲ್ಲ. “ಬಾರೋ ತಮ್ಮಾ, ಮೊದಲು ಉಂಡು ಬರೋಣ” ಎಂದು ಖಾನಾವಳಿಗೆ ಕರೆದೊಯ್ದನು. ರೊಟ್ಟಿ ಮುರಿಯುತ್ತಾ, ತಾನು ಹಿಂದಿನ ವರ್ಷ ಎರಡು ಸಲ ಊರಿಗೆ ಓಡಿಹೋಗಿ ಬಂದ ಕಥೆಯನ್ನು ಹೇಳಿದನು. ಓಡಿಹೋದವನೂ ಮರಳಿ ಬರಬಹುದೆಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಇಷ್ಟೆಲ್ಲ ಅನುಭವಿಸಿದವನು ಮುಂದೆ ತಪ್ಪು ಮಾಡಬಾರದಿತ್ತು, ಮಾಡಿದೆ. 1989ರಲ್ಲಿ ನನ್ನ ವಿದ್ಯಾರ್ಥಿಯೊಬ್ಬ, ಲೆಕ್ಕದಲ್ಲಿ ಬಲು ಚುರುಕು, ಬಿ.ಎಸ್ಸಿ. ಓದಲು ದೊಡ್ಡ ಊರಿಗೆ ಹೋಗಿ ಆರು ವಾರಕ್ಕೆ ಮರಳಿದ. ಅವನ ತಂದೆ ನನ್ನಲ್ಲಿಗೆ ಬಂದಾಗ, ಹುಡುಗನೊಡನೆ ಒಂದು ಮಾತೂ ಆಡದೆ, “ಹೋಗಲಿ ಬಿಡಿ, ಅವನಿಗೆ ಆ ಓದು ಒಗ್ಗುವುದಿಲ್ಲ” ಎಂದುಬಿಟ್ಟೆ. ಸಮಾಧಾನ ಹೇಳಿದೆನೆಂದೇ ಆಗ ಭಾವಿಸಿದ್ದೆ. ಆ ತಂದೆಗೆ ಮೇಷ್ಟ್ರ ಮಾತೆಂದರೆ ತೀರ್ಪು. ಹುಡುಗ ಮತ್ತೆ ಪುಸ್ತಕ ಹಿಡಿಯಲಿಲ್ಲ. ಬಹಳ ವರ್ಷಗಳ ನಂತರ ಸಂತೆಯಲ್ಲಿ ಸಿಕ್ಕಾಗ ಅವನು ನಗುತ್ತಲೇ, “ಸಾರ್, ನನಗೆ ಇಂಗ್ಲಿಷ್ ತಿಳೀತಿರಲಿಲ್ಲ ಅಷ್ಟೇ, ಲೆಕ್ಕ ತಿಳೀತಿತ್ತು” ಎಂದ. ಆ ನಗೆಯನ್ನು ಮರೆಯಲು ನನಗೆ ಸಾಧ್ಯವಾಗಿಲ್ಲ.

ನಮ್ಮ ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಶಾಲೆಯ ಮಕ್ಕಳನ್ನು ಎಷ್ಟೋ ಸಲ ಅಲ್ಲಿಗೆ ಕರೆದೊಯ್ದಿದ್ದೇನೆ. ಆದರೆ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡ ಒಂದು ಸಂಗತಿಯನ್ನು ಮಕ್ಕಳಿಗೆ ನಾನು ಹೇಳಲೇ ಇಲ್ಲ. 1888ರ ಆರಂಭದಲ್ಲಿ ಅವರು ಭಾವನಗರದ ಸಾಮಲ್‌ದಾಸ್ ಕಾಲೇಜಿಗೆ ಸೇರಿದರು. ಪ್ರಾಧ್ಯಾಪಕರು ಒಳ್ಳೆಯವರೇ, ಪಾಠ ಮಾತ್ರ ತಲೆಗೆ ಹೋಗಲಿಲ್ಲ. ಮೊದಲ ಅವಧಿ ಮುಗಿಯುತ್ತಲೇ ಹದಿನೆಂಟರ ಆ ಹುಡುಗ ಮನೆಗೆ ಮರಳಿದ. ಆಗ ಕುಟುಂಬದ ಹಿತೈಷಿ ಮಾವಜಿ ದವೆ ಎಂಬ ಹಿರಿಯರು ಮನೆಗೆ ಬಂದರು. ಈ ಹುಡುಗನಿಗೆ ಓದು ಒಗ್ಗದೆಂದು ಅವರು ಹೇಳಲಿಲ್ಲ. ಬ್ಯಾರಿಸ್ಟರಾಗಲು ಇಂಗ್ಲೆಂಡಿಗೆ ಕಳುಹಿಸಿ ಎಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಡಗು ಹೊರಟಿತು. ಲಂಡನ್ನಿನಲ್ಲಿಯೂ ಮೊದಮೊದಲು ರಾತ್ರಿಗಳೆಲ್ಲ ಕಣ್ಣೀರೇ. ಸಸ್ಯಾಹಾರದ ಒಂದು ಹೋಟೆಲು ಸಿಗುವವರೆಗೆ ಅರೆಹೊಟ್ಟೆಯೇ. ಮಾವಜಿ ದವೆಯವರು ಮಾಡಿದ್ದನ್ನೇ ನಾನು ಆ ತಂದೆಯ ಮುಂದೆ ಮಾಡದೆ ಹೋದದ್ದು.

ಇಂದು ಅನುಕೂಲಗಳು ಹೆಚ್ಚಿವೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ನಮ್ಮ ಭಾಗದ ಮಕ್ಕಳಿಗೆ ಸೀಟು ಕಾಯ್ದಿರಿಸಿದೆ. ರ್‍ಯಾಗಿಂಗ್ ತಡೆಗೆ ಯುಜಿಸಿಯ 2009ರ ನಿಯಮಗಳಿವೆ. ಮನಸ್ಸು ಕುಗ್ಗಿದವರು ಕನ್ನಡದಲ್ಲಿಯೇ ಮಾತನಾಡಬಹುದಾದ ಸರ್ಕಾರದ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ 14416 ಕೂಡ 2022ರಿಂದ ಇದೆ. ಈ ಸಂಖ್ಯೆಯನ್ನು ಓದುಗರು ಬರೆದಿಟ್ಟುಕೊಳ್ಳಲಿ. ಆದರೆ ಸೀಟು ದೊರೆತ ಮಾತ್ರಕ್ಕೆ ಊರು ಒಗ್ಗುವುದಿಲ್ಲ. ಸಂಕಟವು ವ್ಯಕ್ತಿಯ ದೌರ್ಬಲ್ಯವೆಂದು ಹುಡುಗ ತಿಳಿದಿರುತ್ತಾನೆ. ಅವನ ಊರಿಗೆ ನೂರೈವತ್ತು ವರ್ಷಗಳಿಂದ ಅಂಟಿಕೊಂಡಿರುವ ಸಂಕಟವದು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಆ ಸಂಜೆ ಸ್ವಲ್ಪ ಹೊತ್ತಿನ ನಂತರ ನನ್ನ ಶಿಷ್ಯನಿಗೆ ಇಷ್ಟೇ ಹೇಳಿದೆ: “ನಾಳೆ ಹುಡುಗನನ್ನು ಕಳಿಸಪ್ಪಾ. ನಮ್ಮ ಮನೆಯಲ್ಲಿಯೇ ಊಟ.” ಅವನು ಬಂದ. ಒಂದು ಗಂಟೆಯವರೆಗೆ ಏನೂ ಮಾತನಾಡಲಿಲ್ಲ, ನಾನೂ ಕೇಳಲಿಲ್ಲ. ಊಟವಾದ ಮೇಲೆ ನನ್ನ ಟ್ರಂಕಿನ ಕಥೆ ಹೇಳಿದೆ. “ನೀವೂ ಓಡಿ ಬರಬೇಕಂತಿದ್ರಾ ಸಾರ್?” ಎಂದು ಅವನು ಮೊದಲ ಬಾರಿಗೆ ತಲೆ ಎತ್ತಿದ. ಅವನು ಬೆಂಗಳೂರಿಗೇ ಮರಳುವನೋ, ಬಳ್ಳಾರಿಯಲ್ಲಿ ಬೇರೊಂದು ಓದು ಹಿಡಿಯುವನೋ ಇನ್ನೂ ತೀರ್ಮಾನವಾಗಿಲ್ಲ. ಭಾನುವಾರ ಮತ್ತೆ ಬರುತ್ತೇನೆಂದು ಹೇಳಿ ಹೋಗಿದ್ದಾನೆ.