ಕಾವು ಮರೆತ ಕೋಳಿ

ಓದುಗರೆ, ಕಾವಿಗೆ ಕೂತ ಹೇಂಟೆಯನ್ನು ನೀವು ನೋಡಿಯೇ ಇರುತ್ತೀರಿ. ಮೇವುನೀರಿನ ಹಂಬಲವಿಲ್ಲ, ಕೈ ಚಾಚಿದರೆ ಗರಿ ಕೆದರಿ ಕುಕ್ಕಲು ಬರುತ್ತದೆ. ಅಷ್ಟು ದಿನವೂ ಹೊಸ ಮೊಟ್ಟೆಯಿಲ್ಲ. ಬಿಳಿ ಲೆಗ್‌ಹಾರ್ನ್ ಕೋಳಿಯಾದರೋ ಮೊಟ್ಟೆಯಿಟ್ಟು ಎದ್ದುಹೋಗುತ್ತದೆ. ಕಾವಿನ ಗೊಡವೆ ಅದಕ್ಕಿಲ್ಲ. ಒಂದೇ ಕುಲದ ಹಕ್ಕಿಗಳಲ್ಲಿ ಈ ಭೇದವೆಲ್ಲಿಂದ ಬಂತು?

ಕಥೆ ಮೊದಲಾಗುವುದು ಪಾರಿವಾಳದಿಂದ. ಪಾರಿವಾಳವು ತನ್ನ ಕೊರಳಬುಡದ ಕಾಳುಚೀಲದಲ್ಲಿ ಹಾಲಿನಂತಹ ದ್ರವ್ಯವನ್ನು ಉಂಟುಮಾಡಿ ಮರಿಗೆ ಊಡಿಸುತ್ತದೆ. ಗಂಡೂ ಊಡಿಸುತ್ತದೆಂಬುದು ಸ್ವಾರಸ್ಯ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸ್ರಾವವೊಂದು ಈ ಹಾಲನ್ನು ಬರಿಸುತ್ತದೆಂದು ತೋರಿಸಿದವರು ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಆಸ್ಕರ್ ರಿಡಲ್ ಮತ್ತು ಸಂಗಡಿಗರು. 1933ರಲ್ಲಿ ಅವರು ಅದನ್ನು ಪ್ರೊಲ್ಯಾಕ್ಟಿನ್ ಎಂದು ಕರೆದರು. ಅದನ್ನು ಕೋಳಿಗೆ ಚುಚ್ಚಿದರೆ ಕೋಳಿ ಕಾವಿಗೆ ಕೂರುವುದೆಂದು 1935ರಲ್ಲಿ ಪ್ರಕಟಿಸಿದರು. ತಾಯ್ತನವು ಸೀಸೆಯಲ್ಲಿ ತುಂಬಿಡಬಹುದಾದ ವಸ್ತುವೆ? ಮೊದಲ ಸಲ ಓದಿದಾಗ ನನಗಂತೂ ಕಸಿವಿಸಿಯಾಯಿತು.

ಸ್ರಾವವೇನೋ ಸಿಕ್ಕಿತು. ಅದನ್ನು ಕಟ್ಟುವ ವಿಧಿ ಬರೆದಿರುವುದು ಜೀನಿನಲ್ಲಿ. ಅದನ್ನು ಓದುವುದಕ್ಕೆ ಅರ್ಧ ಶತಮಾನ ಹಿಡಿಯಿತು. ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ ಬಲ್ಲವರಿಗೆ ಆ ಕೆಲಸ ತೀರ ಅಪರಿಚಿತವೆನಿಸದು. ಗ್ರಂಥಿಯಲ್ಲಿ ದೊರೆತ ಆರ್‌ಎನ್‌ಎ ಎಂಬ ಓಲೆಯಿಂದ ಡಿಎನ್‌ಎ ಪ್ರತಿಯೊಂದನ್ನು ಎತ್ತಬೇಕು. ಅದಕ್ಕೆ ಬೇಕಾದ ಕಿಣ್ವ 1970ರಲ್ಲಿ ತಿಳಿಯಿತು. ಆ ಪ್ರತಿಯನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿದರೆ, ಅದು ವೃದ್ಧಿಯಾದಂತೆಲ್ಲ ಪ್ರತಿಗಳೂ ಹೆಚ್ಚುತ್ತವೆ. ಜೀನಿನ ತದ್ರೂಪು ತೆಗೆಯುವುದೆಂದರೆ ಇದೇ. ಬಳಿಕ 1977ರಲ್ಲಿ ಸ್ಯಾಂಗರ್ ತೋರಿಸಿದ ಉಪಾಯದಂತೆ ಅಕ್ಷರಕ್ಷರವಾಗಿ ಓದಬೇಕು. ಅಕ್ಷರಗಳು ನಾಲ್ಕೇ, ಲಿಪಿಕಾರನ ಗೀಚು ಅಲ್ಲಿಲ್ಲ! ಹೀಗೆ 1989ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದವರು ಕೋಳಿಯ ಪ್ರೊಲ್ಯಾಕ್ಟಿನ್ ಪಾಠವನ್ನು ಹೊರತಂದರು. ಅದು 199 ಅಮೈನೋ ಆಮ್ಲಗಳ ಸರಪಣಿ.

ಇನ್ನು ಪಾಠಾಂತರದ ಮಾತು. 2006ರಲ್ಲಿ ಚೀನಾದ ಸಂಶೋಧಕರು ಹಲವು ತಳಿಗಳ ಪಾಠಗಳನ್ನು ಹೋಲಿಸಿದರು. ಲೆಗ್‌ಹಾರ್ನಿನಲ್ಲಿ 24 ಅಕ್ಷರಗಳು ಹೆಚ್ಚಿಗೆ ಕಂಡವು. ಗ್ರಂಥದೊಳಗಲ್ಲ, ಜೀನು ಎಷ್ಟು ದುಡಿಯಬೇಕೆಂದು ನಿಯಮಿಸುವ ಪೀಠಿಕೆಯಲ್ಲಿ. ಭೇದಕ್ಕೆಲ್ಲ ಇದೊಂದೇ ಕಾರಣವೆನ್ನಲಾಗದು, ಬೇರೆ ಜೀನುಗಳ ಕೈವಾಡವೂ ಉಂಟು. ಆದರೆ ಗಮನಿಸಿ: ಒಂದಕ್ಷರವನ್ನೂ ಓದಲಾರದ ಕಾಲದಲ್ಲೇ ಕೋಳಿ ಸಾಕುವವರು ಈ ಗ್ರಂಥವನ್ನು ತಿದ್ದಿಬಿಟ್ಟಿದ್ದರು. ಕಾವಿಗೆ ಕೂರದೆ ಮೊಟ್ಟೆಯಿಡುವುದನ್ನು ತಳಿಗೆ ಉಳಿಸಿಕೊಂಡರು, ಕೂತದ್ದನ್ನು ಅಡಿಗೆಮನೆಗೆ ಕಳುಹಿಸಿದರು. ಲೆಗ್‌ಹಾರ್ನ್ ಮರಿಗಳು ಈಗ 21 ದಿನ ಯಂತ್ರದ ಕಾವಿನಲ್ಲಿದ್ದು ಹೊರಬರುತ್ತವೆ.